ಜೇನುಗೂಡಿನಲ್ಲಿ ಲಿವರ್‌ಗೆ ಮದ್ದುಂಟೇ?

ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಒಂದು ಚಮಚ ಜೇನುತುಪ್ಪ ಕದಡಿ ಕುಡಿದರೆ ಲಿವರ್ ತೊಳೆದಂತಾಗುತ್ತದೆ ಎಂಬ ಮಾತು ಈಗ ಮನೆಮನೆಯಲ್ಲೂ ಕೇಳಿಬರುತ್ತದೆ. ಇದರ ಜೊತೆಗೆ ಔಷಧಿ ಅಂಗಡಿಗಳ ಕಪಾಟಿಗೆ ಇನ್ನೂ ಕೆಲವು ಹೊಸ ಡಬ್ಬಿಗಳು ಬಂದು ಕುಳಿತಿವೆ. ಜೇನಂಟಿನ, ಅಂದರೆ ಪ್ರೊಪೋಲಿಸ್‌ನ ಮಾತ್ರೆಗಳು, ಒಣಗಿಸಿದ ಪರಾಗದ ಕಾಳುಗಳು, ರಾಣಿಜೇನಿಗೆ ಉಣಿಸುವ ರಾಯಲ್ ಜೆಲ್ಲಿ. ಇವು ಯಕೃತ್ತನ್ನು ಕಾಪಾಡುತ್ತವೆ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಈ ಮಾತನ್ನು ಬುಡವಿಲ್ಲದ್ದು ಎಂದು ತಳ್ಳಿಹಾಕಲು ಬರುವುದಿಲ್ಲ. ಜೇನಿನ ಪದಾರ್ಥಗಳಿಗೂ ಯಕೃತ್ತಿಗೂ ಇರುವ ನಂಟಿನ ಬಗ್ಗೆ ಹಲವು ದೇಶಗಳ ವಿಜ್ಞಾನಿಗಳು ದಶಕಗಳಿಂದ ಪ್ರಯೋಗ ಮಾಡುತ್ತ ಬಂದಿದ್ದಾರೆ. ಅವುಗಳಲ್ಲಿ ಬಹುಪಾಲು ಒಳ್ಳೆಯ ಫಲವನ್ನೇ ತೋರಿಸಿವೆ. ಆದ್ದರಿಂದಲೇ ವಿಷಯವನ್ನು ತಾಳ್ಮೆಯಿಂದ ಬಿಡಿಸಿ ನೋಡಬೇಕಾಗಿದೆ. ರಕ್ಷಣೆ ಎಂಬ ಮಾತು ಬಂದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರಿಂದ ರಕ್ಷಣೆ? ಈ ಪ್ರಶ್ನೆ ಹಿಡಿದು ಹೊರಟರೆ ಪ್ರಯೋಗಾಲಯದಲ್ಲಿ ಆ ಮಾತಿಗಿರುವ ಅರ್ಥ ಬೇರೆ, ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ನಾವು ಕೊಟ್ಟುಕೊಂಡ ಅರ್ಥ ಬೇರೆ ಎಂಬುದು ಗೊತ್ತಾಗುತ್ತದೆ.

ಮೊದಲು ಯಕೃತ್ತಿನ ಕೆಲಸ. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಕುಳಿತಿರುವ, ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಒಂದು ಹೃದಯದಿಂದ, ಇನ್ನೊಂದು ಕರುಳಿನಿಂದ. ಕರುಳು ಹೀರಿಕೊಂಡ ಸಕ್ಕರೆ, ಔಷಧಿ, ಹೆಂಡ, ಸೊಪ್ಪಿನ ಸಾರ, ಯಾವುದೇ ಆಗಲಿ, ಮೈಯ ಉಳಿದ ಭಾಗಕ್ಕೆ ಹೋಗುವ ಮುನ್ನ ಯಕೃತ್ತಿನ ಕೈದಾಟಿ ಹೋಗಬೇಕು. ಅಲ್ಲಿ ಕೆಲವು ಕೂಡಿಡಲ್ಪಡುತ್ತವೆ, ಕೆಲವು ರೂಪ ಬದಲಿಸಿಕೊಂಡು ಹೊರಬೀಳುತ್ತವೆ. ರೂಪ ಬದಲಿಸುವ ಈ ಕೆಲಸದಲ್ಲಿ ಒಂದು ಅಪಾಯವಿದೆ. ಸಾಧುವಾಗಿ ಒಳಬಂದ ಪದಾರ್ಥ ಕೆಲವೊಮ್ಮೆ ಯಕೃತ್ತಿನ ಕೈಯಲ್ಲೇ ವಿಷವಾಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಮಾತಿಗೆಲ್ಲ ಇದೇ ಕೀಲಿ.

ಇನ್ನು ಜೇನುಗೂಡಿನ ಪದಾರ್ಥಗಳು. ಇವನ್ನೆಲ್ಲ ಜೇನು ಎಂಬ ಒಂದೇ ಹೆಸರಿನಡಿ ಸೇರಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಜೇನುತುಪ್ಪ ಹೂವಿನ ಮಕರಂದದಿಂದ ಆದದ್ದು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಸಕ್ಕರೆ, ಉಳಿದದ್ದರಲ್ಲಿ ಹೆಚ್ಚಿನದು ನೀರು. ಪರಾಗ ಹೂವಿನ ಗಂಡುಧೂಳಿ. ಹುಳು ಅದನ್ನು ಮಕರಂದದಲ್ಲಿ ನಾದಿ, ಹಿಂಗಾಲಿನ ಬುಟ್ಟಿಯಲ್ಲಿ ಉಂಡೆ ಕಟ್ಟಿ ತರುತ್ತದೆ. ಪೆಟ್ಟಿಗೆಯ ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ ಇಟ್ಟರೆ ಹುಳು ನುಸುಳುವಾಗ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಡಬ್ಬಿಯಲ್ಲಿ ಮಾರುವುದು ಅದನ್ನೇ. ಪ್ರೊಪೋಲಿಸ್ ಇವೆರಡಕ್ಕಿಂತ ಬೇರೆಯೇ ಜಾತಿ. ಮರದ ಮೊಗ್ಗು, ತೊಗಟೆಗಳಿಂದ ಒಸರುವ ಅಂಟನ್ನು ಹುಳು ತಂದು, ಮೇಣ ಬೆರೆಸಿ, ಗೂಡಿನ ಬಿರುಕು ಮುಚ್ಚುತ್ತದೆ. ಮರ ತನ್ನ ಗಾಯಕ್ಕೆ ಕೀವು ಹಿಡಿಯದಂತೆ ಮಾಡಿಕೊಂಡ ಮದ್ದು ಅದು. ಹುಳು ಅದನ್ನು ಕಡ ತಂದುಕೊಂಡಿದೆ ಅನ್ನಿ. ಹಾಗಾಗಿ ಯಾವ ಊರಿನ ಯಾವ ಮರವೋ ಅಂಥ ಪ್ರೊಪೋಲಿಸ್. ಯುರೋಪಿನದು ಹೆಚ್ಚಾಗಿ ಪಾಪ್ಲರ್ ಮರದ ಅಂಟು, ಬ್ರೆಜಿಲ್ ದೇಶದ ಹೆಸರುವಾಸಿಯಾದ ಹಸಿರು ಪ್ರೊಪೋಲಿಸ್ ಅಲ್ಲಿನ ಒಂದು ಕುರುಚಲು ಪೊದೆಯದು. ಎರಡರ ರಾಸಾಯನಿಕಗಳೂ ಬೇರೆ ಬೇರೆ. ನಮ್ಮ ಮಲೆನಾಡಿನ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನಿಗಂತೂ ಅಂಟು ತರುವ ಅಭ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹೇರಳವಾಗಿ ತರುವುದು ಕೊಂಡಿಯಿಲ್ಲದ ಮಿಸರಿ ಜೇನು, ಕರಾವಳಿಯವರ ಬಾಯಲ್ಲಿ ಮುಜಂಟಿ.

ಯಕೃತ್ತಿನ ರಕ್ಷಣೆಯ ಸುದ್ದಿ ಹುಟ್ಟಿದ್ದು ಹೆಚ್ಚಾಗಿ ಈ ಪ್ರೊಪೋಲಿಸ್‌ನಿಂದ. ಪ್ರಯೋಗ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದಷ್ಟು ಬಿಳಿ ಇಲಿಗಳು. ಅರ್ಧಕ್ಕೆ ಕೆಲವು ದಿನ ಪ್ರೊಪೋಲಿಸ್ ಸಾರವನ್ನು ಗಂಟಲಿನ ನಳಿಗೆಯಲ್ಲಿ ಕುಡಿಸುತ್ತಾರೆ, ಉಳಿದ ಅರ್ಧಕ್ಕೆ ಇಲ್ಲ. ಆಮೇಲೆ ಎಲ್ಲಕ್ಕೂ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನು ಎಣ್ಣೆಯಲ್ಲಿ ಬೆರೆಸಿ ಚುಚ್ಚುತ್ತಾರೆ. ಹಿಂದೆ ಬಟ್ಟೆಯ ಒಣಶುದ್ಧಿಗೂ ಬೆಂಕಿ ನಂದಿಸಲೂ ಬಳಸುತ್ತಿದ್ದ ದ್ರವ ಇದು. ಮಾರನೆಯ ದಿನ ರಕ್ತ ತೆಗೆದು, ಯಕೃತ್ತನ್ನು ಹೊರತೆಗೆದು ನೋಡುತ್ತಾರೆ. ವಿಷ ಮಾತ್ರ ಕಂಡ ಇಲಿಯ ಯಕೃತ್ತು ತನ್ನ ಕಂದುಗೆಂಪು ಬಣ್ಣ ಬಿಟ್ಟು ಹಳದಿಗೆ ತಿರುಗಿ ಊದಿಕೊಂಡಿರುತ್ತದೆ. ಅದರ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಜೇನುಹಟ್ಟಿಯಂತೆಯೇ ಆರು ಮೂಲೆಯ ಮನೆಗಳು ಒತ್ತೊತ್ತಾಗಿ ಕಾಣುತ್ತವೆ. ಪ್ರತಿ ಮನೆಯ ನಡುವೆ ಒಂದು ಸಣ್ಣ ರಕ್ತನಾಳ. ಸತ್ತ ಕೋಶಗಳು ಮೂಲೆಗಳಲ್ಲಿ ಅಷ್ಟಾಗಿ ಇರುವುದಿಲ್ಲ, ಆ ನಡುವಿನ ನಾಳದ ಸುತ್ತ ಉಂಗುರದಂತೆ ಇರುತ್ತವೆ. ಪ್ರೊಪೋಲಿಸ್ ಕುಡಿದ ಇಲಿಯಲ್ಲಿ ಈ ಉಂಗುರ ಕಿರಿದಾಗಿರುತ್ತದೆ. ಕೋಶ ಒಡೆದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳ ಮಟ್ಟವೂ ಕಡಿಮೆ ಇರುತ್ತದೆ. ನಮ್ಮ ಊರಿನ ಲ್ಯಾಬ್‌ಗಳಲ್ಲಿ ಎಲ್‌ಎಫ್‌ಟಿ ಮಾಡಿಸಿದಾಗ ಚೀಟಿಯಲ್ಲಿ ಬರುವ ಅಂಕಿಗಳು ಇವೇ. ಇದು ಕಣ್ಣಿಗೆ ಕಾಣುವ ಫಲ, ಮತ್ತೆ ಮತ್ತೆ ಬೇರೆ ಬೇರೆ ಕಡೆ ಕಂಡ ಫಲ. ಇದರಲ್ಲಿ ಅನುಮಾನಿಸಲು ಏನೂ ಇಲ್ಲ.

ಇಲ್ಲಿ ನಮ್ಮ ಪ್ರಶ್ನೆ ಕೇಳಬೇಕು, ಯಾವುದರಿಂದ ರಕ್ಷಣೆ? ಸಾವು ನಡುವಿನ ನಾಳದ ಸುತ್ತಲೇ ಯಾಕೆ ಕಂಡಿತು ಎಂಬುದರಲ್ಲಿ ಉತ್ತರದ ಅರ್ಧ ಇದೆ. ಔಷಧಿಗಳ ರೂಪ ಬದಲಿಸುವ ಒಂದು ಕಿಣ್ವ ಆ ಜಾಗದ ಕೋಶಗಳಲ್ಲಿ ದಟ್ಟವಾಗಿರುತ್ತದೆ. ಅದು ಕಾರ್ಬನ್ ಟೆಟ್ರಾಕ್ಲೋರೈಡನ್ನು ಮುಟ್ಟಿ ಒಡೆದಾಗಲೇ ಕೋಶವನ್ನು ಸುಡುವ ಉಗ್ರ ತುಣುಕು ಹುಟ್ಟುವುದು. ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಅತಿಯಾದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಅಂದಮೇಲೆ ಈ ಕಿಣ್ವದ ಕೈಯನ್ನು ಕಟ್ಟಿಹಾಕಬಲ್ಲ ಯಾವುದೇ ಪದಾರ್ಥ ಈ ಪ್ರಯೋಗದಲ್ಲಿ ರಕ್ಷಕನಾಗಿ ಕಾಣಿಸುತ್ತದೆ. ಉಗ್ರ ತುಣುಕನ್ನು ಹೀರಿಕೊಳ್ಳಬಲ್ಲ ಸಸ್ಯದ ಒಗರು ಪದಾರ್ಥಗಳೂ ಹಾಗೆಯೇ. ಪ್ರೊಪೋಲಿಸ್‌ನಲ್ಲಿ ಅಂಥವು ತುಂಬಿವೆ, ನಿಜ. ಆದರೆ ಅರಿಶಿನದಲ್ಲೂ ನೆಲ್ಲಿಕಾಯಲ್ಲೂ ಚಹಾದಲ್ಲೂ ಅವಿವೆ, ಆ ಎಲ್ಲವೂ ಇಲಿಯನ್ನು ಕಾಪಾಡಿವೆ. ನಮ್ಮ ಜನರ ಯಕೃತ್ತು ಕೆಡುತ್ತಿರುವುದು ಬೇರೆ ಕಾರಣಗಳಿಂದ. ಹೆಂಡ, ಹೆಪಟೈಟಿಸ್ ವೈರಸ್‌ಗಳು, ಎಲ್ಲಕ್ಕಿಂತ ವ್ಯಾಪಕವಾಗಿ ಯಕೃತ್ತಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್. ಮೂರನೆಯದು ಎಷ್ಟು ಹಬ್ಬಿದೆಯೆಂದರೆ ಕೇಂದ್ರ ಸರ್ಕಾರ 2021ರಲ್ಲಿ ಅದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಒಂದೇ ಏಟಿಗೆ ಬೀಳುವ ವಿಷಕ್ಕೂ ಹತ್ತಿಪ್ಪತ್ತು ವರ್ಷ ಹನಿಹನಿಯಾಗಿ ತುಂಬುವ ಕೊಬ್ಬಿಗೂ ಅಜಗಜಾಂತರ. ಇನ್ನೊಂದು ಮಾತು. ಇಲಿಗೆ ಮದ್ದು ಕೊಟ್ಟದ್ದು ಹೆಚ್ಚಿನ ಪ್ರಯೋಗಗಳಲ್ಲಿ ವಿಷಕ್ಕಿಂತ ಮೊದಲು. ಮನುಷ್ಯ ವೈದ್ಯರ ಬಳಿ ಹೋಗುವುದು ಕೆಟ್ಟ ಮೇಲೆ.

ಇಲಿಯ ಮಾತು ಬಿಡಿ, ಮನುಷ್ಯರಲ್ಲೇ ಒಮ್ಮೆ ಒಳ್ಳೆಯ ಫಲ ಕಂಡರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಲದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ನಡೆದ ಒಂದು ಪ್ರಸಂಗವಿದೆ. ಅರಿಶಿನ ಕಾಮಾಲೆ ಎಂದರೆ ಕನ್ನಡನಾಡಿನಲ್ಲಿ ಮೊದಲು ನೆನಪಾಗುವ ಗಿಡ ನೆಲನೆಲ್ಲಿ, ಕಿರುನೆಲ್ಲಿ. 1988ರಲ್ಲಿ ಮದರಾಸಿನ ವೈದ್ಯವಿಜ್ಞಾನಿ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಈ ಗಿಡದ ಪುಡಿಯನ್ನು 30 ದಿನ ಕೊಟ್ಟು ನೋಡಿದರು. ಅವರ ಜೊತೆಗಿದ್ದವರು ಸಾಮಾನ್ಯರಲ್ಲ, ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನೇ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಹುಸಿಮದ್ದು ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾದಾಗ ಜಗತ್ತೇ ತಿರುಗಿ ನೋಡಿತು. ಆಮೇಲೆ ಥಾಯ್ಲೆಂಡ್ ಮುಂತಾದ ಕಡೆ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ನಂತರ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದವರಿಗೂ ನಂಬಬಹುದಾದ ಆಧಾರ ಸಿಗಲಿಲ್ಲ. ಮೊದಲು ಮಾಡಿದವರು ಮೋಸಗಾರರಲ್ಲ. ಸಣ್ಣ ಗುಂಪು, ಕಡಿಮೆ ಅವಧಿ, ಊರಿಂದೂರಿಗೆ ಬದಲಾಗುವ ಗಿಡದ ಸತ್ವ, ಇಷ್ಟು ಸೇರಿದರೆ ಎಂಥ ಜಾಣರ ಲೆಕ್ಕವೂ ತಪ್ಪಬಹುದು. ಜೇನಂಟಿನ ಸುದ್ದಿ ಓದುವಾಗ ಈ ಕಿರುನೆಲ್ಲಿಯ ಕತೆ ನಮ್ಮ ಪಕ್ಕದಲ್ಲಿ ಕುಳಿತಿರಬೇಕು.

ಹಾಗಾದರೆ ಪ್ರೊಪೋಲಿಸ್ ಮನುಷ್ಯರಲ್ಲಿ ಏನು ಮಾಡಿದೆ? ಇರಾನ್ ದೇಶದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇರುವುದರಲ್ಲಿ ಶಿಸ್ತಿನದು. ಫ್ಯಾಟಿ ಲಿವರ್ ಇದ್ದ 54 ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ ಎರಡು ಸಲ 250 ಮಿಲಿಗ್ರಾಂ ಪ್ರೊಪೋಲಿಸ್, ಇನ್ನೊಂದಕ್ಕೆ ಹುಸಿಮದ್ದು, ನಾಲ್ಕು ತಿಂಗಳು. ಯಕೃತ್ತಿನ ಮೇಲೆ ಧ್ವನಿತರಂಗ ಹಾಯಿಸಿ ಅಳೆದಾಗ ಮದ್ದು ತಿಂದವರಲ್ಲಿ ಕೊಬ್ಬೂ ಗಡಸುತನವೂ ಇಳಿದದ್ದು ಕಂಡಿತು. ಎಸ್‌ಜಿಪಿಟಿ ಮುಂತಾದ ಕಿಣ್ವಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಇದು ನಿಜಕ್ಕೂ ಆಸೆ ಹುಟ್ಟಿಸುವ ಫಲ, ನಾನು ಇದನ್ನು ಕಡೆಗಣಿಸುವುದಿಲ್ಲ. ಆದರೆ ಸಾವಿರಾರು ಜನ ಬಳಸುವ ಮದ್ದಿಗೆ 54 ಜನರ ನಾಲ್ಕು ತಿಂಗಳ ಸಾಕ್ಷಿ ಸಾಲದು, ಆ ಮಾತ್ರೆಯಲ್ಲಿದ್ದ ಅಂಟು ನಮ್ಮ ಅಂಗಡಿಯ ಡಬ್ಬಿಯಲ್ಲಿರುವ ಅಂಟೇ ಎಂದೂ ಹೇಳಲಾಗದು. ಅದೇ ಫ್ಯಾಟಿ ಲಿವರ್‌ಗೆ, ಮೈತೂಕದಲ್ಲಿ ನೂರಕ್ಕೆ ಐದು ಪಾಲು ಇಳಿಸಿದರೆ ಕೊಬ್ಬು ಕರಗುತ್ತದೆ, ಏಳರಿಂದ ಹತ್ತು ಪಾಲು ಇಳಿಸಿದರೆ ಉರಿಯೂತವೂ ತಗ್ಗುತ್ತದೆ ಎಂಬುದಕ್ಕೆ ಎಷ್ಟೋ ಗಟ್ಟಿಯಾದ ಆಧಾರವಿದೆ. ರಾಯಲ್ ಜೆಲ್ಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಕೃತ್ತಿನ ಲೆಕ್ಕದಲ್ಲಿ ಅದಕ್ಕೆ ಇಷ್ಟೂ ಆಧಾರವಿಲ್ಲ, ಆಸ್ತಮಾ ಮತ್ತು ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ಕುತ್ತಾದ ಪ್ರಸಂಗಗಳು 1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಗಿವೆ.

ಈಗ ಜೇನುತುಪ್ಪ. ಕೊಬ್ಬು ತುಂಬಿದ ಯಕೃತ್ತಿನ ಮುಂದೆ ಜೇನುತುಪ್ಪವನ್ನು ಮದ್ದೆಂದು ಇಡುವಾಗ ಒಂದು ಸಂಗತಿ ಮರೆಯಬಾರದು. ಅದರ ಸಕ್ಕರೆಯಲ್ಲಿ ದೊಡ್ಡ ಪಾಲು ಫ್ರಕ್ಟೋಸ್, ಅಂದರೆ ಹಣ್ಣುಸಕ್ಕರೆ. ಗ್ಲೂಕೋಸನ್ನು ಮೈಯ ಎಲ್ಲ ಅಂಗಗಳೂ ಹಂಚಿಕೊಂಡು ಉರಿಸುತ್ತವೆ, ಫ್ರಕ್ಟೋಸಿನ ಹೊರೆಯ ಬಹುಪಾಲು ಯಕೃತ್ತಿನ ತಲೆಯ ಮೇಲೆ. ಮಿತಿಮೀರಿದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 94 ಆರೋಗ್ಯವಂತ ಯುವಕರಿಗೆ ಏಳು ವಾರ ದಿನಕ್ಕೆ 80 ಗ್ರಾಂ ಸಕ್ಕರೆಯ ಪಾನೀಯ ಕುಡಿಸಿ ನೋಡಿದರು. ಫ್ರಕ್ಟೋಸ್ ಅಥವಾ ಸಾದಾ ಸಕ್ಕರೆ ಕುಡಿದವರ ಯಕೃತ್ತು ಕೊಬ್ಬು ತಯಾರಿಸುವ ವೇಗ ಇಮ್ಮಡಿಯಾಗಿತ್ತು. ಬರಿಯ ಗ್ಲೂಕೋಸ್ ಕುಡಿದವರಲ್ಲಿ ಹಾಗಾಗಿರಲಿಲ್ಲ. ಆದರೆ ಜೇನುತುಪ್ಪ ಬರಿಯ ಸಕ್ಕರೆ ನೀರಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು 18 ಪ್ರಯೋಗಗಳನ್ನು, ಒಟ್ಟು 1,100ಕ್ಕೂ ಹೆಚ್ಚು ಜನರ ವಿವರವನ್ನು ಒಂದುಗೂಡಿಸಿ 2022ರಲ್ಲಿ ಪ್ರಕಟಿಸಿದರು. ದಿನಕ್ಕೆ ಸುಮಾರು 40 ಗ್ರಾಂ ಜೇನುತುಪ್ಪ ತಿಂದವರಲ್ಲಿ ಬರಿಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಸ್ವಲ್ಪ ಇಳಿದಿದ್ದವು, ಎಸ್‌ಜಿಪಿಟಿಯೂ ಇಳಿದಿತ್ತು. ಇದು ಜೇನಿನ ಪರವಾದ ಸಾಕ್ಷಿ, ಒಪ್ಪಿಕೊಳ್ಳೋಣ. ಅದೇ ಲೆಕ್ಕದಲ್ಲಿ ಉರಿಯೂತದ ಕೆಲವು ಸೂಚಕಗಳು ಏರಿದ್ದೂ ಕಂಡಿತ್ತು. ಆಧಾರದ ಗಟ್ಟಿತನ ಬಹುಪಾಲು ಕಡಿಮೆಯೇ ಎಂದು ಅವರೇ ತೀರ್ಮಾನಿಸಿದರು. ಇರುವ ಸಕ್ಕರೆಯನ್ನು ಬಿಟ್ಟು ಆ ಜಾಗಕ್ಕೆ ಜೇನುತುಪ್ಪ ಬಂದರೆ ಒಂದು ಲೆಕ್ಕ. ಕಾಫಿಗೆ ಸಕ್ಕರೆ, ಮಧ್ಯಾಹ್ನಕ್ಕೆ ಪಾಯಸ ಎಲ್ಲ ಹಾಗೇ ಇದ್ದು ಬೆಳಗ್ಗೆ ಎರಡು ಚಮಚ ಜೇನು ಸೇರಿಕೊಂಡರೆ ಬೇರೆಯೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮಿತಿಗೊಳಿಸಬೇಕು ಎನ್ನುವ ಸಕ್ಕರೆಗಳ ಪಟ್ಟಿಯಲ್ಲಿ ಜೇನುತುಪ್ಪವೂ ಇದೆ.

ನಮ್ಮ ಆಯುರ್ವೇದ ಸಾವಿರಾರು ವರ್ಷಗಳಿಂದ ಹೇಳಿಲ್ಲವೇ ಎಂಬುದು ಎಲ್ಲಕ್ಕಿಂತ ತೂಕದ ಆಕ್ಷೇಪ. ಹೇಳಿದೆ. ಸ್ಥೂಲಕಾಯದವರಿಗೆ ಮಧೂದಕ, ಅಂದರೆ ಜೇನು ಬೆರೆಸಿದ ನೀರನ್ನು ಚರಕಸಂಹಿತೆ ಸೂಚಿಸುತ್ತದೆ. ಆದರೆ ಪೂರ್ತಿ ಓದಿದರೆ ಅದರ ಜೊತೆಗೇ ಜವೆಗೋದಿಯ ಊಟ, ಮೈಮುರಿದು ದುಡಿಯುವ ವ್ಯಾಯಾಮ, ನಿದ್ದೆಯ ಮಿತಿ ಎಲ್ಲ ಬರುತ್ತವೆ. ಹೊಸ ಜೇನು ಮೈ ಬೆಳೆಸುತ್ತದೆ, ಹಳೆಯ ಜೇನು ಮೈ ಇಳಿಸುತ್ತದೆ ಎಂದು ಸುಶ್ರುತ ಬೇರೆ ಮಾಡಿ ಹೇಳಿದ್ದಾನೆ. ಜೇನನ್ನು ಬಿಸಿ ಮಾಡಬಾರದು, ಬಿಸಿಯ ಜೊತೆ ಸೇವಿಸಬಾರದು ಎಂಬ ಕಟ್ಟುನಿಟ್ಟು ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಜೇನನ್ನು ಅತಿಯಾಗಿ ತಿಂದು ಆದ ಅಜೀರ್ಣದಷ್ಟು ಕಷ್ಟಸಾಧ್ಯವಾದದ್ದು ಬೇರೊಂದಿಲ್ಲ ಎಂದು ಚರಕ ಎಚ್ಚರಿಸುತ್ತಾನೆ. ಪರಂಪರೆ ಹೇಳಿದ್ದರಲ್ಲಿ ಚಮಚವನ್ನು ಮಾತ್ರ ಎತ್ತಿಕೊಂಡು ಅಳತೆ, ಪಥ್ಯ, ದುಡಿಮೆಯನ್ನು ಬಿಟ್ಟುಬಿಟ್ಟರೆ ಅದು ಪರಂಪರೆಗೆ ಮಾಡಿದ ಅನ್ಯಾಯ. ಅಲ್ಲದೆ ಚರಕ ಕಂಡ ಜೇನಿಗೂ ಇಂದಿನ ಬಾಟಲಿಗೂ ದೂರವಿದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷೆ ಮಾಡಿಸಿದ 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ಗೆದ್ದದ್ದು ಐದೇ. ಉಳಿದವು ಸಕ್ಕರೆ ಪಾಕದ ಕಲಬೆರಕೆಯ ಸಂಶಯಕ್ಕೆ ಸಿಕ್ಕಿಬಿದ್ದವು. ಲಿವರ್‌ನ ಕೊಬ್ಬಿಗೆಂದು ಕುಡಿದದ್ದು ಪಾಕವೇ ಆಗಿದ್ದರೆ ಆ ಮನೆಯವರ ಶ್ರದ್ಧೆಗೆ ಸಿಕ್ಕ ಪ್ರತಿಫಲ ಏನು?

ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು, ಗಿಡಮರದ್ದಲ್ಲವೇ ಎಂಬ ಕೊನೆಯ ಮಾತಿಗೆ ಪರಾಗದ ಡಬ್ಬಿಯೇ ಉತ್ತರ. ಕೆಲವು ಗಿಡಗಳು ದನಕರು ಮೇಯದಂತೆ ಪೈರೊಲಿಜಿಡಿನ್ ಎಂಬ ಗುಂಪಿನ ಕಹಿ ಸಸ್ಯಕ್ಷಾರಗಳನ್ನು ಮೈತುಂಬ ಇಟ್ಟುಕೊಂಡಿರುತ್ತವೆ. ಸೆಣಬಿನ ಜಾತಿಯವು, ಚೇಳಿನ ಬಾಲದಂತೆ ಹೂ ಬಿಡುವ ಗಿಡ, ಮಲೆನಾಡಿನ ಬೇಲಿಗಳಿಗೆಲ್ಲ ಹಬ್ಬಿರುವ ಕಮ್ಯುನಿಸ್ಟ್ ಕಳೆ, ಹೀಗೆ ನಮ್ಮ ಸುತ್ತಲೂ ಇವೆ. ಈ ಕ್ಷಾರ ತಾನಾಗಿ ಅಷ್ಟು ಕೆಡುಕಲ್ಲ. ಯಕೃತ್ತು ಅದರ ರೂಪ ಬದಲಿಸಿದಾಗ ಉಗ್ರ ವಿಷವಾಗಿ, ಅಲ್ಲಿನ ಸಣ್ಣ ರಕ್ತನಾಳಗಳನ್ನೇ ಮುಚ್ಚಿಬಿಡುತ್ತದೆ. 1970ರ ದಶಕದ ನಡುವೆ ಆಗಿನ ಮಧ್ಯಪ್ರದೇಶದ ಸರ್ಗುಜಾ ಪ್ರದೇಶದಲ್ಲಿ ಸಿರಿಧಾನ್ಯದ ಜೊತೆ ಸೆಣಬಿನ ಜಾತಿಯ ಕಾಡುಗಿಡದ ಬೀಜ ಬೆರೆತು, ಅದನ್ನುಂಡ ಹಳ್ಳಿಗಳ ಬಡವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತರು. ಜೇನುಹುಳು ಇಂಥ ಹೂಗಳ ಪರಾಗವನ್ನೂ ತರುತ್ತದೆ, ಅದಕ್ಕೇನು ಗೊತ್ತು? ಜೇನುತುಪ್ಪದಲ್ಲಿ ಈ ಕ್ಷಾರ ಸಾಮಾನ್ಯವಾಗಿ ಅಲ್ಪ, ಪರಾಗದಲ್ಲಿ ಎಷ್ಟೋ ಹೆಚ್ಚು. ಯುರೋಪಿನವರು ಪರಾಗದ ಪೂರಕಗಳಿಗೆ ಕಿಲೋಗೆ 500 ಮೈಕ್ರೋಗ್ರಾಂ ಎಂಬ ಮಿತಿ ಹಾಕಿದ್ದು ಇದಕ್ಕೇ. ಒಂದೆರಡು ದಿನ ತಿಂದರೆ ಯಾರಿಗೂ ಏನೂ ಆಗಲಿಕ್ಕಿಲ್ಲ. ಆದರೆ ಈಗಾಗಲೇ ಸೋತ ಯಕೃತ್ತಿನವರು, ಅದನ್ನು ಸುಧಾರಿಸಲೆಂದೇ, ತಿಂಗಳುಗಟ್ಟಲೆ ದಿನಕ್ಕೆರಡು ಚಮಚ ಪರೀಕ್ಷಿಸದ ಪರಾಗ ತಿನ್ನುವುದನ್ನು ನೆನೆದರೆ ನನಗೆ ದಿಗಿಲಾಗುತ್ತದೆ.

ಕೆಡುಕಿನ ಇನ್ನೊಂದು ದಾರಿ ಕಾಲಹರಣ. ಹೆಪಟೈಟಿಸ್ ಸಿ ಈಗ ಸುಮಾರು ಹನ್ನೆರಡು ವಾರದ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಮಾತ್ರೆ ಪುಕ್ಕಟೆ. ಹೆಪಟೈಟಿಸ್ ಬಿ ಬಾರದಂತೆ ಲಸಿಕೆ ಇದೆ. ಕಣ್ಣು ಹಳದಿಯಾದ ಮೇಲೂ ಜೇನು, ಕಷಾಯ ಎಂದು ವಾರಗಳನ್ನು ಕಳೆಯುವ ಮನೆಗಳು ಇಷ್ಟು ಕೈಹತ್ತಿರದ ಮದ್ದನ್ನು ತಪ್ಪಿಸಿಕೊಳ್ಳುತ್ತವೆ.

ಇಷ್ಟೆಲ್ಲ ಹೇಳಿದ್ದು ಜೇನಿನ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ. ಕೊಡಗಿನ ಕಾಫಿತೋಟದಲ್ಲಿ, ಶಿರಸಿ ಸಿದ್ದಾಪುರದ ಅಡಿಕೆ ಬೆಟ್ಟಗಳಲ್ಲಿ ಪೆಟ್ಟಿಗೆ ಇಟ್ಟವರು 1990ರ ದಶಕದ ಮೊದಲಿಗೆ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ಜೇನು ಕುಟುಂಬಕ್ಕೆ ಕುಟುಂಬವೇ ಸತ್ತುಹೋದಾಗಲೂ ಕೈಬಿಡದೆ ಈ ಕಸುಬನ್ನು ಉಳಿಸಿಕೊಂಡವರು. ಅವರ ತುಪ್ಪ ಒಳ್ಳೆಯ ಆಹಾರವಾಗಿಯೇ ಒಳ್ಳೆಯ ಬೆಲೆಗೆ ಯೋಗ್ಯ, ಲಿವರ್‌ನ ಹೆಸರು ಹಚ್ಚಿ ಮಾರಬೇಕಾದ ಗತಿ ಅದಕ್ಕಿಲ್ಲ. ಔಷಧದ ಹುಡುಕಾಟಕ್ಕೆ ಇಲ್ಲಿ ಬೇರೆ ದಾರಿ ತೆರೆದಿದೆ. ಮುಜಂಟಿ ಹಲಸು, ಮಾವುಗಳಿಂದ ತರುವ ಅಂಟಿನಲ್ಲಿ ಏನೇನಿದೆ, ಮಳೆಗಾಲದ್ದಕ್ಕೂ ಬೇಸಗೆಯದ್ದಕ್ಕೂ ವ್ಯತ್ಯಾಸವೇನು ಎಂದು ಮೊದಲು ತಿಳಿಯಬೇಕು. ಆಮೇಲೆ ಒಂದೇ ಹದದ ಸಾರ ಮಾಡಿ, ಫ್ಯಾಟಿ ಲಿವರ್ ಇರುವ ಕೆಲವು ನೂರು ಜನರಿಗೆ, ಒಪ್ಪಿಗೆ ಪಡೆದು, ಕನಿಷ್ಠ ಒಂದು ವರ್ಷ ಕೊಟ್ಟು, ಅರ್ಧ ಜನರಿಗೆ ಹುಸಿಮದ್ದು ಕೊಟ್ಟು, ಕಿಣ್ವದ ಅಂಕಿಯ ಜೊತೆಗೆ ಯಕೃತ್ತಿನ ಗಡಸುತನವನ್ನೂ ಅಳೆಯಬೇಕು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಜೇನು ಬಲ್ಲವರಿದ್ದಾರೆ, ವೈದ್ಯಕೀಯ ಕಾಲೇಜುಗಳಲ್ಲಿ ಯಕೃತ್ತು ಬಲ್ಲವರಿದ್ದಾರೆ. ಇಬ್ಬರೂ ಒಂದೇ ಮೇಜಿಗೆ ಕೂತರೆ ಮೂರು ನಾಲ್ಕು ವರ್ಷಗಳಲ್ಲಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಅಲ್ಲಿಯವರೆಗೆ ಫ್ಯಾಟಿ ಲಿವರ್ ಎಂದು ಸ್ಕ್ಯಾನಿಂಗ್ ಚೀಟಿಯಲ್ಲಿ ಬಂದವರು ಬೆಳಗಿನ ಲೋಟವನ್ನು ಬದಿಗಿಟ್ಟು ಆ ಹೊತ್ತಿಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲಿ. ಬೆಲ್ಲ ಸಕ್ಕರೆ ಹಾಕದ ಕಾಫಿಯನ್ನು ಬೇಕಾದರೆ ಕುಡಿಯಲಿ. ಯಕೃತ್ತಿನ ಮಟ್ಟಿಗೆ ಕಾಫಿಗೆ ಮನುಷ್ಯರಲ್ಲಿ ಸಿಕ್ಕ ಸಾಕ್ಷಿ ಜೇನಿಗಿಂತ ಹೆಚ್ಚೇ ಇದೆ.